1/72 ಮರುತ್ ಶಾರ್ಟ್‌ರನ್ ಕಿಟ್: ದಪ್ಪ ರೆಕ್ಕೆ, ಕೂಡದ ಒಡಲು. ಎಲ್ಲಿಂದ ಶುರು ಮಾಡಬೇಕು?

ವಿಮಾನಶಿಲ್ಪಿ:

ಎಲ್ಲರಿಗೂ ನಮಸ್ಕಾರ. ಎಚ್‌ಎಎಲ್ ಎಚ್‌ಎಫ್-24 ಮರುತ್ ಯುದ್ಧವಿಮಾನದ 1/72 (ನಿಜದ 72ನೇ ಒಂದು ಅಳತೆಯ) ಪ್ಲಾಸ್ಟಿಕ್ ಮಾಡೆಲ್ ಕಿಟ್ ಒಂದು ಮೇಜಿನ ಮೇಲಿದೆ. ಸಣ್ಣ ಕಂಪನಿಯ ಶಾರ್ಟ್‌ರನ್ (ಕಮ್ಮಿ ಸಂಖ್ಯೆಯಲ್ಲಿ ತಯಾರಿಸಿದ) ಕಿಟ್, ಹೆಸರು ಇಲ್ಲಿ ಮುಖ್ಯವಲ್ಲ. ಡಬ್ಬಿ ಬಿಚ್ಚಿದಾಗ ಕಂಡ ದೋಷಗಳು ಇವು:

ಒಡಲಿನ ಎರಡು ಹೋಳುಗಳಿಗೆ ಪಿನ್ನೂ ಇಲ್ಲ, ತೂತೂ ಇಲ್ಲ. ಬಲ ಹೋಳು ಬಾಲದ ಕಡೆಗೆ ಬಾಗಿದೆ, ಎಡದ್ದಕ್ಕಿಂತ ಸುಮಾರು 1 ಮಿ.ಮೀ. ಉದ್ದವೂ ಇದೆ. ರೆಕ್ಕೆಯ ಹಿಂದಂಚು ವರ್ನಿಯರ್‌ನಲ್ಲಿ 1.1 ಮಿ.ಮೀ. ದಪ್ಪ ತೋರಿಸುತ್ತಿದೆ. ಎಲ್ಲ ಭಾಗಗಳ ಸುತ್ತಲೂ ಫ್ಲ್ಯಾಶ್ (ಅಂಚಿಗೆ ಅಂಟಿದ ಹೆಚ್ಚುವರಿ ತೆಳು ಪ್ಲಾಸ್ಟಿಕ್). ರೆಕ್ಕೆ ಬುಡದಲ್ಲಿ ಎರಡು ಸಿಂಕ್ ಮಾರ್ಕ್ (ತಗ್ಗು). ಪ್ಯಾನೆಲ್ ಲೈನ್ (ವಿಮಾನದ ತಗಡುಗಳ ಸಂದು ತೋರಿಸುವ ಗೆರೆ) ಒಂದು ಕಡೆ ಕಾಲುವೆಯಷ್ಟು ಅಗಲ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ವ್ಯಾಕ್‌ಫಾರ್ಮ್, ಅಂದರೆ ಬಿಸಿ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಮಾಡಿದ್ದು, ಒಂದೇ ಒಂದು ಕೊಟ್ಟಿದ್ದಾರೆ. ಡೆಕಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳ) ಹಾಳೆ ಹಳದಿಯಾಗಿದೆ.

ಇದನ್ನು ಸರಿಯಾದ ಮರುತ್ ಆಗಿ ನಿಲ್ಲಿಸಬೇಕು ಅನ್ನೋದು ಆಸೆ. ಕೆಲಸದ ಕ್ರಮ ಹೇಗಿರಬೇಕು? ಯಾವುದಕ್ಕೆ ಯಾವ ಪುಟ್ಟಿ? ಯಾವ ದೋಷವನ್ನು ಹಾಗೇ ಬಿಡಬಹುದು?

ಅಳತೆಪಟ್ಟಿ:

ಸರ್, ಪುಟ್ಟಿಯ ವಿಚಾರ ಆಮೇಲೆ. ಮೊದಲು ಆಕಾರ, ಆಮೇಲೆ ನೇರ, ಕೊನೆಗೆ ಮೇಲ್ಮೈ. ಕೆಟ್ಟ ಕಿಟ್‌ನಲ್ಲಿ ಜನ ಈ ಕ್ರಮವನ್ನು ತಿರುಗುಮುರುಗು ಮಾಡ್ತಾರೆ: ಕಣ್ಣಿಗೆ ಮೊದಲು ಕಾಣೋದು ಪ್ಯಾನೆಲ್ ಲೈನ್, ಅದನ್ನು ಕೆತ್ತುತ್ತಾ ಕೂರ್ತಾರೆ, ಆಮೇಲೆ ಒಡಲು ಅಂಟಿಸಿ ಉಜ್ಜಿದಾಗ ಕೆತ್ತಿದ್ದೆಲ್ಲ ಹೊರಟುಹೋಗುತ್ತೆ.

ಈ ದೋಷಗಳು ಯಾಕೆ ಬರುತ್ತವೆ ಅಂತ ತಿಳಿದಿದ್ದರೆ ಎಲ್ಲಿ ಹುಡುಕಬೇಕು ಅನ್ನೋದೂ ತಿಳಿಯುತ್ತೆ. ಶಾರ್ಟ್‌ರನ್ ಅಚ್ಚುಗಳು ಮೆತ್ತನೆಯವು, ಪ್ಲಾಸ್ಟಿಕ್ ತುಂಬುವ ಒತ್ತಡ ಕಡಿಮೆ. ತೆಳುವಾದ ಜಾಗಕ್ಕೆ ಪ್ಲಾಸ್ಟಿಕ್ ಹರಿಯಲ್ಲ, ಅದಕ್ಕೇ ಎಲ್ಲವನ್ನೂ ದಪ್ಪ ಮಾಡಿರ್ತಾರೆ. ದಪ್ಪ ಜಾಗ ನಿಧಾನವಾಗಿ ಆರುವಾಗ ಒಳಕ್ಕೆ ಕುಗ್ಗುತ್ತೆ, ಅದೇ ಸಿಂಕ್ ಮಾರ್ಕ್. ಅಚ್ಚಿನ ಎರಡು ಭಾಗ ಬಿಗಿಯಾಗಿ ಮುಚ್ಚದಿದ್ದರೆ ಸಂದಿನಲ್ಲಿ ನುಗ್ಗಿದ್ದು ಫ್ಲ್ಯಾಶ್. ಎರಡು ಹೋಳು ಒಂದಕ್ಕೊಂದು ಕರಾರುವಾಕ್ಕಾಗಿ ಕೂಡುತ್ತವೆ ಅನ್ನೋ ಭರವಸೆ ತಯಾರಕರಿಗೇ ಇಲ್ಲದ ಕಾರಣ ಪಿನ್ ಇಟ್ಟಿರಲ್ಲ. ತಪ್ಪು ಜಾಗದಲ್ಲಿ ಪಿನ್ ಇರೋದಕ್ಕಿಂತ ಇಲ್ಲದಿರೋದೇ ವಾಸಿ.

ಎಲ್ಲ ಭಾಗಗಳನ್ನೂ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ತೊಳೆಯಿರಿ. ಇಂಥ ಕಿಟ್‌ಗಳ ಮೇಲೆ ಅಚ್ಚಿನಿಂದ ಬಿಡಿಸುವ ಎಣ್ಣೆ ಧಾರಾಳವಾಗಿ ಉಳಿದಿರುತ್ತೆ. ಪ್ರೈಮರ್ ಸಿಪ್ಪೆ ಏಳೋಕೆ ಅರ್ಧ ಕಾರಣ ಅದು.

ಆಮೇಲೆ ಅಳತೆ. ಮರುತ್ ರೆಕ್ಕೆಯ ಹರವು 9.00 ಮೀಟರ್, ಉದ್ದ 15.87 ಮೀಟರ್, ಎತ್ತರ 3.60 ಮೀಟರ್. 72ರಿಂದ ಭಾಗಿಸಿದರೆ 125 ಮಿ.ಮೀ., 220.4 ಮಿ.ಮೀ., 50 ಮಿ.ಮೀ. ಉದ್ದವನ್ನು ಯಾವ ತುದಿಯಿಂದ ಯಾವ ತುದಿಗೆ ಅಳೆದಿದ್ದಾರೆ ಅಂತ ಡ್ರಾಯಿಂಗ್‌ನಲ್ಲಿ ನೋಡಿಕೊಂಡೇ ಹೋಲಿಸಿ. ಒಟ್ಟು ಉದ್ದದಲ್ಲಿ ಒಂದೂವರೆ ಎರಡು ಮಿ.ಮೀ. ಕಮ್ಮಿ ಜಾಸ್ತಿ ಇದ್ದರೆ ಯಾರ ಕಣ್ಣಿಗೂ ಬೀಳಲ್ಲ, ಬಿಟ್ಟುಬಿಡಿ. ಆದರೆ ಸೊಂಟ ತಪ್ಪಾಗಿದ್ದರೆ ಬಿಡಬೇಡಿ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಂಡ ಬೆಂಗಳೂರಲ್ಲಿ ಇದನ್ನು ವಿನ್ಯಾಸ ಮಾಡಿದಾಗ ಏರಿಯಾ ರೂಲ್ (ಶಬ್ದದ ವೇಗದ ಹತ್ತಿರ ಗಾಳಿಯ ತಡೆ ತಗ್ಗಿಸುವ ವಿನ್ಯಾಸ ನಿಯಮ) ಪ್ರಕಾರ ರೆಕ್ಕೆ ಕೂಡುವ ಜಾಗದಲ್ಲಿ ಒಡಲನ್ನು ಒಳಕ್ಕೆ ಇಳಿಸಿದ್ದಾರೆ. ಆ ಸೊಂಟ ಇಲ್ಲದಿದ್ದರೆ ಅದು ಮರುತ್ ಅಲ್ಲ. ಮೇಲಿನಿಂದ ನೋಡುವ ಡ್ರಾಯಿಂಗನ್ನು 1/72ಕ್ಕೆ ಮುದ್ರಿಸಿ, ಟೇಪ್ ಸುತ್ತಿದ ಒಡಲನ್ನು ಅದರ ಮೇಲೆ ಇಟ್ಟು ಸೊಂಟದ ಗೆರೆ ನೋಡಿ. ಬೆಂಗಳೂರಿನಲ್ಲಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ, ಎಚ್‌ಎಎಲ್‌ನ ಮ್ಯೂಸಿಯಂನಲ್ಲೂ ನಿಜವಾದ ಮರುತ್ ನಿಂತಿದೆ. ಚೂಪು ಮೂತಿಯ ಚಿತ್ರ ಎಲ್ಲೆಡೆ ಸಿಗುತ್ತೆ. ನಿಮಗೆ ಬೇಕಾದ್ದು ರೆಕ್ಕೆ ಬುಡ, ಇನ್‌ಟೇಕ್‌ನ (ಎಂಜಿನ್‌ಗೆ ಗಾಳಿ ಹೋಗುವ ಬಾಯಿಯ) ಒಳಗಿನ ಅರ್ಧ ಶಂಕು, ಪಕ್ಕಪಕ್ಕದ ಎರಡು ಎಕ್ಸಾಸ್ಟ್ ಕೊನೆಯಾಗುವ ರೀತಿ, ಲ್ಯಾಂಡಿಂಗ್ ಗೇರ್ ಬಾಗಿಲುಗಳು. ಅವನ್ನು ಮೊಬೈಲ್‌ನಲ್ಲಿ ಹಿಡಿದುಕೊಳ್ಳಿ.

ಬಾಗಿದ ಹೋಳು: ನೀರು 65ರಿಂದ 75 ಡಿಗ್ರಿ ಸಾಕು. ಕುದಿಯುವ ನೀರು ಬೇಡ. ಪಾಲಿಸ್ಟೈರೀನ್ ಆ ಶಾಖದ ಹತ್ತಿರ ಬಂದಂತೆ ಪೂರ್ತಿ ಮೆತ್ತಗಾಗಿ ಸೊಂಟದ ಬಾಗೂ ಕಳೆದುಹೋಗುತ್ತೆ. ಬಾಲದ ಕಡೆಯನ್ನು ಮಾತ್ರ ಅರ್ಧ ನಿಮಿಷ ಮುಳುಗಿಸಿ, ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಜಾಸ್ತಿಯೇ ಎದುರು ದಿಕ್ಕಿಗೆ ಬಗ್ಗಿಸಿ, ಹಿಡಿದುಕೊಂಡೇ ತಣ್ಣೀರಿಗೆ ಅದ್ದಿ. ಒಂದೇ ಸಲಕ್ಕೆ ಸರಿಮಾಡಲು ಹೋಗಬೇಡಿ. ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವೇ ತಿದ್ದಿ.

1 ಮಿ.ಮೀ. ಉದ್ದದ ವ್ಯತ್ಯಾಸಕ್ಕೆ ಹೆದರಬೇಡಿ. ಕಾಕ್‌ಪಿಟ್ ಅಂಚು ಮತ್ತು ರೆಕ್ಕೆ ಬುಡ, ಈ ಎರಡು ಕಡೆ ಎರಡೂ ಹೋಳು ಸರಿಸಮ ಕೂತರೆ ಸಾಕು. ತಪ್ಪನ್ನೆಲ್ಲ ಬಾಲಕ್ಕೆ ತಳ್ಳಿ, ಎಕ್ಸಾಸ್ಟ್ ಬಾಯಿಯನ್ನು ಕೊನೆಗೆ ಚಪ್ಪಟೆ ಗಾಜಿನ ಮೇಲೆ ಉಜ್ಜಿ ಸಮ ಮಾಡಿ.

ವಾಟರ್‌ಪೇಪರ್:

ರೆಕ್ಕೆ ಮತ್ತು ಸಂದಿನ ಬಗ್ಗೆ ನಾನು ಬರೀತೀನಿ.

1.1 ಮಿ.ಮೀ. ಹಿಂದಂಚು ಅಂದರೆ ನಿಜವಾದ ವಿಮಾನದಲ್ಲಿ ಸುಮಾರು 8 ಸೆಂ.ಮೀ. ದಪ್ಪದ ಅಂಚು. ಇದನ್ನು 0.3 ಮಿ.ಮೀ.ಗೆ ಇಳಿಸಲೇಬೇಕು. ಕೆಟ್ಟ ಕಿಟ್‌ನಲ್ಲಿ ಒಂದೇ ಒಂದು ಕೆಲಸ ಮಾಡೋಕೆ ಸಮಯ ಇದ್ದರೆ ಇದನ್ನೇ ಮಾಡಿ. ಬೇರೆ ಯಾವ ತಿದ್ದುಪಡಿಯೂ ಮಾಡೆಲ್‌ನ ನೋಟವನ್ನು ಇಷ್ಟು ಬದಲಿಸಲ್ಲ.

ಹೊರಗಡೆಯಿಂದ ಉಜ್ಜಬೇಡಿ. ರೆಕ್ಕೆಯ ವಕ್ರತೆಯೂ ಹೋಗುತ್ತೆ, ಇರೋ ಗೆರೆಗಳೂ ಹೋಗುತ್ತವೆ. ಗಾಜಿನ ತುಂಡಿಗೆ 220 ನಂಬರ್ ವಾಟರ್ ಪೇಪರ್ ಅಂಟಿಸಿ, ನೀರು ಚಿಮುಕಿಸಿ. ರೆಕ್ಕೆಯ ಕೆಳ ಹೋಳಿನ ಒಳಮುಖದಲ್ಲಿ ಹಿಂದಂಚಿನಿಂದ 5 ಮಿ.ಮೀ. ಪಟ್ಟಿಗೆ ಮಾರ್ಕರ್ ಬಳಿಯಿರಿ. ಬೆರಳಿನ ಒತ್ತಡ ಹಿಂದಂಚಿನ ಮೇಲೆ ಮಾತ್ರ ಇಟ್ಟು ವೃತ್ತಾಕಾರವಾಗಿ ಉಜ್ಜಿ. ಮಾರ್ಕರ್ ಬಣ್ಣ ಎಲ್ಲಿ ಮೊದಲು ಅಳಿಸುತ್ತೋ ಅಲ್ಲಿ ಒತ್ತಡ ಜಾಸ್ತಿ ಆಗ್ತಿದೆ ಅಂತ ಅರ್ಥ. ಬಣ್ಣ ಸಮನಾಗಿ ಹೋಗ್ತಿದ್ದರೆ ಮತ್ತೆ ಬಳಿದು ಮುಂದುವರಿಸಿ. ಕೆಳ ಹೋಳಿನ ಅಂಚು ಅರೆಪಾರದರ್ಶಕವಾಗಿ ಬೆಳಕು ಬಿಡತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಮೇಲಿನ ಹೋಳಿನಲ್ಲಿ ತೆಗೆಯಿರಿ. ಮುಂದಂಚಿನ ಕಡೆ ಉಜ್ಜಿದರೆ ರೆಕ್ಕೆಯ ಒಟ್ಟು ದಪ್ಪ ಇಳಿದು ಒಡಲಿನ ಬುಡಕ್ಕೂ ರೆಕ್ಕೆಗೂ ಮೆಟ್ಟಿಲು ಬೀಳುತ್ತೆ, ಹುಷಾರು. ಬಾಲದ ರೆಕ್ಕೆಗಳು ಒಂದೇ ತುಂಡಾಗಿದ್ದರೆ ಒಳಮುಖ ಇರಲ್ಲ. ಅವನ್ನು ಎರಡೂ ಹೊರಬದಿಯಿಂದ ಸಮಸಮವಾಗಿ ಕೆರೆದು ಇಳಿಸಬೇಕು.

ಒಡಲು ಕೂಡಿಸೋಕೆ: 0.5 ಮಿ.ಮೀ. ಪ್ಲಾಸ್ಟಿಕ್ ಶೀಟ್‌ನಿಂದ 5 × 8 ಮಿ.ಮೀ. ಅಳತೆಯ ಪಟ್ಟಿಗಳು, ಹತ್ತು ಹನ್ನೆರಡು ಬೇಕು. ಒಂದು ಎಡ ಹೋಳಿನ ಒಳಗೆ, ಮುಂದಿನದು ಬಲ ಹೋಳಿನ ಒಳಗೆ, ಹೀಗೆ ಬದಲಿಸುತ್ತಾ 20 ಮಿ.ಮೀ.ಗೊಂದರಂತೆ ಅರ್ಧ ಹೊರಚಾಚುವಂತೆ ಅಂಟಿಸಿ. ಹೋಳುಗಳು ಮೇಲೆ ಕೆಳಗೆ ಜಾರೋದನ್ನು ಇವು ತಡೀತವೆ. ಅಂಟಿಸುವ ಮುಂಚೆ ಎರಡೂ ಹೋಳಿನ ಕೂಡುವ ಅಂಚನ್ನು ಅದೇ ಗಾಜಿನ ಮೇಲೆ ನಾಲ್ಕೈದು ಸುತ್ತು ಉಜ್ಜಿ, ಅಂಚು ನಿಜಕ್ಕೂ ಚಪ್ಪಟೆಯಾಗಲಿ. ಇದರಿಂದ ಒಡಲು ಸಣ್ಣದಾದರೆ ಸಂದಿನಲ್ಲಿ 0.25 ಮಿ.ಮೀ. ಪಟ್ಟಿ ಕೂರಿಸಿ. ಸಂದಿ ದೊಡ್ಡದಿದ್ದಲ್ಲೆಲ್ಲ ಪ್ಲಾಸ್ಟಿಕ್‌ನಿಂದಲೇ ತುಂಬಬೇಕು. ಪುಟ್ಟಿ ಕುಗ್ಗುತ್ತೆ, ಪ್ಲಾಸ್ಟಿಕ್ ಕುಗ್ಗಲ್ಲ.

ಅಂಟಿಸೋದು ಒಂದೇ ಸಲಕ್ಕಲ್ಲ. ಕಾಕ್‌ಪಿಟ್ ಪಕ್ಕ 25 ಮಿ.ಮೀ. ಮೊದಲು, ಲಿಕ್ವಿಡ್ ಸಿಮೆಂಟ್ ಹಚ್ಚಿ ಒತ್ತಿದಾಗ ಸಂದಿನಿಂದ ಕರಗಿದ ಪ್ಲಾಸ್ಟಿಕ್ ದಾರದಂತೆ ಉಕ್ಕಬೇಕು. ಅದು ಹಿಡಿದ ಮೇಲೆ ರೆಕ್ಕೆ ಬುಡ, ಆಮೇಲೆ ಬೆನ್ನು, ಕೊನೆಗೆ ಬಾಲ. ಉಜ್ಜೋಕೆ ಎರಡು ದಿನ ಕಾಯಿರಿ. ದಪ್ಪ ಪ್ಲಾಸ್ಟಿಕ್‌ನೊಳಗೆ ದ್ರಾವಕ ತುಂಬಾ ಹೊತ್ತು ಉಳಿದಿರುತ್ತೆ. ಬೇಗ ಉಜ್ಜಿ ಬಣ್ಣ ಹೊಡೆದರೆ ಆಮೇಲೆ ಅದು ಆರುತ್ತಾ ಕುಗ್ಗಿ, ಬೆನ್ನ ಮೇಲೆ ಸಂದಿನ ಗೆರೆ ಮತ್ತೆ ಕಾಣಿಸಿಕೊಳ್ಳುತ್ತೆ.

ರೆಕ್ಕೆಯನ್ನು ಬರೀ ಮುಖಕ್ಕೆ ಮುಖ ಇಟ್ಟು ಅಂಟಿಸಿದರೆ ಕೈ ತಾಗಿದ ದಿನ ಮುರಿಯುತ್ತೆ. 1.5 ಮಿ.ಮೀ. ಹಿತ್ತಾಳೆ ಕಡ್ಡಿ ಒಡಲಿನ ಅಡ್ಡಕ್ಕೆ ತೂರಿಸಿ, ಎರಡೂ ರೆಕ್ಕೆಯೊಳಗೆ 15 ಮಿ.ಮೀ. ಹೋಗುವಂತೆ ಮಾಡಿ. ರೆಕ್ಕೆ ಕಡೆಯ ತೂತನ್ನು ಬೇಕೆಂದೇ 2 ಮಿ.ಮೀ. ಇಡಿ, ಹೊಂದಿಸೋಕೆ ಜಾಗ ಸಿಗುತ್ತೆ. ಇಲ್ಲಿ ನಿಧಾನವಾಗಿ ಆರುವ ಎಪಾಕ್ಸಿಯೇ ಸರಿ. ಫೆವಿಕ್ವಿಕ್ ಹಾಕಿದರೆ ತಿದ್ದೋಕೆ ಸಮಯ ಸಿಗಲ್ಲ. ರೆಕ್ಕೆ ತುದಿ ಒಂದು ಕಡೆ 1 ಮಿ.ಮೀ. ಮೇಲಿದ್ದರೂ ಅದು ಸುಮಾರು 1 ಡಿಗ್ರಿ ವಾಲಿಕೆ, ಎದುರಿನಿಂದ ನೋಡಿದ ತಕ್ಷಣ ಗೊತ್ತಾಗುತ್ತೆ. ಎಡ ರೆಕ್ಕೆ ತುದಿಯಿಂದ ಬಾಲದ ಮೇಲ್ತುದಿಗೆ, ಬಲ ತುದಿಯಿಂದ ಅಲ್ಲಿಗೇ ದಾರ ಹಿಡಿದು ನೋಡಿ, ಎರಡೂ ಒಂದೇ ಇರಬೇಕು.

ಪುಟ್ಟಿ ವಿಚಾರಕ್ಕೆ ಬಂದರೆ:

ಕೂದಲೆಳೆಯಂಥ ಸಂದಿಗೆ ಕರಗಿಸಿದ ಸ್ಪ್ರೂ (ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟು). ಅದೇ ಕಿಟ್‌ನ ಸ್ಪ್ರೂ ಚೂರುಗಳನ್ನು ಲಿಕ್ವಿಡ್ ಸಿಮೆಂಟ್‌ನಲ್ಲಿ ನೆನೆಹಾಕಿ ಜೇನಿನ ಹದಕ್ಕೆ ತನ್ನಿ. ಗಟ್ಟಿಯಾದ ಮೇಲೆ ಸುತ್ತಲಿನ ಪ್ಲಾಸ್ಟಿಕ್‌ನಷ್ಟೇ ಗಡಸು, ಗೆರೆ ಕೆತ್ತೋಕೆ ಇದಕ್ಕಿಂತ ಒಳ್ಳೇದಿಲ್ಲ. ಕಾಯುವ ಸಮಯ ಮಾತ್ರ ಜಾಸ್ತಿ, ಮೂರು ದಿನವಾದರೂ ಬಿಡಿ.

ಸಿಂಕ್ ಮಾರ್ಕ್‌ಗೆ ಫೆವಿಕ್ವಿಕ್ ಜೊತೆ ಬೇಬಿ ಪೌಡರ್, ಸಮಸಮ ಕಲಸಿ ತುಂಬಿ. ಒಂದು ಗಂಟೆಯೊಳಗೆ ಉಜ್ಜಿ ಮುಗಿಸಿ. ರಾತ್ರಿ ಬಿಟ್ಟು ಬೆಳಗ್ಗೆ ಉಜ್ಜೋಕೆ ಹೋದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿರುತ್ತೆ, ಸುತ್ತಲಿನದು ತಗ್ಗಿ ಅದೊಂದು ಉಬ್ಬಾಗಿ ಮೇಲುಳಿಯುತ್ತೆ.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಗೀರು ಮುಚ್ಚೋಕೆ ಮಾತ್ರ, ತೆಳುವಾಗಿ. ದಪ್ಪ ಮೆತ್ತಿದರೆ ಅದರ ಥಿನ್ನರ್ ಪಾಲಿಸ್ಟೈರೀನನ್ನು ತಿನ್ನುತ್ತೆ, ಆಮೇಲೆ ಬಿರುಕೂ ಬಿಡುತ್ತೆ. ಎಂ-ಸೀಲ್‌ನಂಥ ಎರಡು ಭಾಗದ ಎಪಾಕ್ಸಿ ಒಳಗಡೆ ತೂಕ ಕೂರಿಸೋಕೆ, ಇನ್‌ಟೇಕ್ ಹಿಂಬದಿ ತುಂಬೋಕೆ ಚೆನ್ನ. ಹೊರಮೈಗೆ ಬೇಕಾದರೆ ಮಾಡೆಲ್‌ಗೆಂದೇ ಬರುವ ನುಣ್ಣನೆಯ ಎಪಾಕ್ಸಿ ಪುಟ್ಟಿ ತನ್ನಿ. ರೆಕ್ಕೆ ಬುಡದಲ್ಲಿ ಅದನ್ನು ಮೆತ್ತಿ, ಒದ್ದೆ ಬೆರಳಿನಲ್ಲಿ ನೇವರಿಸಿ, ಹೆಚ್ಚಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಉಜ್ಜುವ ಕೆಲಸವೇ ಇರಲ್ಲ. ಅಳತೆಪಟ್ಟಿಯವರು ಹೇಳಿದ ಸೊಂಟ ಉಳಿಯೋದೂ ಹೀಗೇ. ಅಲ್ಲಿ ಪೇಪರ್ ಹಿಡಿದು ಉಜ್ಜಿದರೆ ಒಳಬಾಗು ಚಪ್ಪಟೆಯಾಗೋದು ಖಚಿತ.

ಕರಾವಳಿ ಏರ್‌ಬ್ರಷ್:

ಮೇಲಿನ ಎರಡೂ ಉತ್ತರ ಸರಿಯಾಗಿವೆ. ಪ್ಯಾನೆಲ್ ಲೈನ್ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ಸೇರಿಸ್ತೇನೆ.

1/72ರಲ್ಲಿ 0.1 ಮಿ.ಮೀ. ಅಗಲದ ಗೆರೆಯೂ ನಿಜದಲ್ಲಿ 7 ಮಿ.ಮೀ. ಬಿರುಕಾಗುತ್ತದೆ. ಹಾಗಾಗಿ ಕಾಲುವೆಯಂಥ ಗೆರೆಗಳನ್ನೆಲ್ಲ ಮುಚ್ಚಿ. ಏಲರಾನ್, ಫ್ಲ್ಯಾಪ್, ರಡ್ಡರ್ (ರೆಕ್ಕೆ, ಬಾಲದ ಅಲುಗಾಡುವ ಭಾಗಗಳು) ಸಂದು, ಗನ್‌ಗಳ ಪ್ಯಾನೆಲ್, ಕ್ಯಾನೊಪಿ ಸುತ್ತಲಿನ ಗೆರೆ ಇಷ್ಟನ್ನು ಮಾತ್ರ ಮತ್ತೆ ಕೆತ್ತಿ. ಡೈಮೋ (ಲೇಬಲ್ ಒತ್ತುವ) ಟೇಪಿನ ಗಟ್ಟಿ ಪಟ್ಟಿಯನ್ನು ಅಂಚಾಗಿ ಅಂಟಿಸಿ, ಪಿನ್ ವೈಸ್‌ಗೆ (ಸೂಜಿ ಹಿಡಿಯುವ ಸಣ್ಣ ಕೈಹಿಡಿಕೆಗೆ) ಹೊಲಿಗೆ ಸೂಜಿ ಸಿಕ್ಕಿಸಿ, ಭಾರ ಹಾಕದೆ ಐದಾರು ಸಲ ಎಳೆಯಿರಿ. ಮೊದಲ ಎರಡು ಎಳೆತ ಬರೀ ದಾರಿ ತೋರಿಸಲಿಕ್ಕೆ. ಪುಟ್ಟಿ ಇದ್ದ ಕಡೆ ಸೂಜಿ ಹಾರಿದರೆ ಅಲ್ಲಿ ತೆಳು ಫೆವಿಕ್ವಿಕ್ ಒಂದು ಹನಿ ಬಿಟ್ಟು, ಆರಿದ ಮೇಲೆ ಉಜ್ಜಿ ಮತ್ತೆ ಎಳೆಯಿರಿ.

ಅಳತೆಪಟ್ಟಿ:

ಇದರಲ್ಲಿ ನನ್ನ ಅಭಿಪ್ರಾಯ ಬೇರೆ. ಗೆರೆ ಮುಚ್ಚಿ ಮತ್ತೆ ಕೆತ್ತೋದು ಇಡೀ ಕೆಲಸದ ಅರ್ಧ ಸಮಯ ತಿನ್ನುತ್ತೆ, ಅಲ್ಲೇ ಅರ್ಧಕ್ಕರ್ಧ ಕಿಟ್‌ಗಳು ಮತ್ತೆ ಡಬ್ಬಿ ಸೇರೋದು. ಎರಡು ಪದರ ಫಿಲ್ಲರ್ ಪ್ರೈಮರ್ ಹೊಡೆದು 800 ನಂಬರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿದರೆ ಅಗಲ ಗೆರೆಗಳು ಸಾಕಷ್ಟು ತುಂಬಿಕೊಳ್ಳುತ್ತವೆ. ಇಲ್ಲದ ಗೆರೆಗಳನ್ನು ಗಟ್ಟಿ ಪೆನ್ಸಿಲ್‌ನಲ್ಲಿ ಎಳೆದು ಮೇಲೆ ವಾರ್ನಿಷ್ ಹೊಡೆಯಬಹುದು, 1/72ಕ್ಕೆ ಅದು ಸಾಲುತ್ತೆ.

ಕರಾವಳಿ ಏರ್‌ಬ್ರಷ್:

ಕ್ಯಾಮೊಫ್ಲಾಜ್ ಬಣ್ಣಕ್ಕಾದರೆ ಒಪ್ಪಿದೆ. ಲೋಹದ ಬಣ್ಣ ಹೊಡೆಯುವುದಾದರೆ ಪೆನ್ಸಿಲ್ ಗೆರೆ ನಡೆಯುವುದಿಲ್ಲ. ಫಿಲ್ಲರ್ ಪ್ರೈಮರ್ ಬಿಟ್ಟ ಸಣ್ಣ ತಗ್ಗುಗಳೂ ಬೆಳ್ಳಿ ಬಣ್ಣದಡಿ ಎದ್ದು ಕಾಣುತ್ತವೆ. ಅದಕ್ಕೆ 2000 ನಂಬರ್‌ವರೆಗೆ ಹೋಗಲೇಬೇಕು. ಯಾವ ಬಣ್ಣಕ್ಕಾದರೂ ಪ್ರೈಮರ್‌ಗೆ ಮೊದಲು ಸಂದಿನ ಮೇಲೆ ಮಾತ್ರ ಬೆಳ್ಳಿ ಬಣ್ಣ ಒಮ್ಮೆ ಬಳಿದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಕೈಗೆ ಸಿಗದ ತಗ್ಗು ಕಣ್ಣಿಗೆ ಸಿಗುತ್ತದೆ.

ಮಳೆಗಾಲದಲ್ಲಿ ಲ್ಯಾಕರ್ ಪ್ರೈಮರ್ ಹೊಡೆಯುವವರಿಗೆ ಇನ್ನೊಂದು ಮಾತು. ಥಿನ್ನರ್ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಂಜು ಹಿಡಿಯುತ್ತದೆ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ತಪ್ಪಿದ್ದಲ್ಲ. ರಿಟಾರ್ಡರ್ (ಆರುವುದನ್ನು ನಿಧಾನಿಸುವ ದ್ರವ) ಸೇರಿಸಿದ ಥಿನ್ನರ್ ಬಳಸಿ, ಇಲ್ಲವಾದರೆ ಆ ತಿಂಗಳುಗಳಲ್ಲಿ ನೀರಿನ ಆಕ್ರಿಲಿಕ್‌ಗೆ ಬನ್ನಿ. ಪೇಂಟ್ ಅಂಗಡಿಯ ಸಾದಾ ಎನ್‌ಸಿ ಥಿನ್ನರನ್ನು ನೇರವಾಗಿ ಪ್ಲಾಸ್ಟಿಕ್ ಮೇಲೆ ಒರೆಸಬೇಡಿ, ಮೈ ಕರಗುತ್ತದೆ.

ವಿಮಾನಶಿಲ್ಪಿ:

ತುಂಬಾ ಉಪಕಾರ. ಇನ್ನು ಮೂರು ಸಂದೇಹ. ಒಂದೇ ಕ್ಯಾನೊಪಿ ಇದೆ, ಕತ್ತರಿಸುವಾಗ ಹಾಳಾದರೆ? ಮೂಗಿಗೆ ಎಷ್ಟು ತೂಕ ಬೇಕು ಅಂತ ಸೂಚನಾ ಹಾಳೆಯಲ್ಲಿ ಇಲ್ಲ. ಹಳದಿ ಡೆಕಲ್ ಉಳಿಸಿಕೊಳ್ಳಬಹುದಾ?

ವಾಟರ್‌ಪೇಪರ್:

ಕ್ಯಾನೊಪಿ: ಕತ್ತರಿಸುವ ಮೊದಲೇ ಒಂದು ನಕಲಿಗೆ ದಾರಿ ಮಾಡಿಕೊಳ್ಳಿ. ವ್ಯಾಕ್‌ಫಾರ್ಮ್‌ನ ಒಳಗೆ ಸ್ವಲ್ಪ ವ್ಯಾಸಲೀನ್ ಸವರಿ ಎಪಾಕ್ಸಿ ಪುಟ್ಟಿ ಒತ್ತಿ ತುಂಬಿ. ಪುಟ್ಟಿ ಆರುವಾಗ ಶಾಖ ಬಿಡುತ್ತೆ, ಅದಕ್ಕೆ ಎರಡು ಮೂರು ಪದರವಾಗಿ ತುಂಬಿ. ಗಟ್ಟಿಯಾದ ಮೇಲೆ ಹೊರತೆಗೆದು, 2000ರವರೆಗೆ ನುಣುಪು ಮಾಡಿ, ಕಡ್ಡಿಗೆ ಸಿಕ್ಕಿಸಿದರೆ ಅಚ್ಚು ತಯಾರು. ಆಟಿಕೆ ಪ್ಯಾಕಿಂಗ್‌ನ ಪಾರದರ್ಶಕ ಪೆಟ್ ಹಾಳೆಯನ್ನು ಮರದ ಚೌಕಟ್ಟಿಗೆ ಪಿನ್ ಹೊಡೆದು, ಹಾಳೆ ಜೋಲುವ ತನಕ ಬಿಸಿ ಮಾಡಿ, ಅಚ್ಚಿನ ಮೇಲೆ ಒಂದೇ ಏಟಿಗೆ ಎಳೆಯಿರಿ. ಬೇಕಾದಷ್ಟು ಸಲ ಮಾಡಬಹುದು.

ಕಿಟ್‌ನದ್ದನ್ನೇ ಬಳಸುವಾಗ ಒಳಗೆ ಬ್ಲೂ-ಟ್ಯಾಕ್ (ಅಂಟುವ ಮೆತ್ತನೆಯ ಮುದ್ದೆ) ತುಂಬಿ, ಹೊಸ 11 ನಂಬರ್ ಬ್ಲೇಡ್‌ನಲ್ಲಿ ಗೆರೆಯ ಮೇಲೆ ಮೆಲ್ಲಗೆ ಹತ್ತಾರು ಸಲ ಎಳೆಯಿರಿ. ಒತ್ತಿ ಕತ್ತರಿಸಿದರೆ ಬ್ಲೇಡ್ ಜಾರುತ್ತೆ. ಗೆರೆಗಿಂತ 0.5 ಮಿ.ಮೀ. ಹೊರಗೇ ಕತ್ತರಿಸಿ, ಉಳಿದದ್ದನ್ನು ಉಜ್ಜಿ ಹೊಂದಿಸಿ. ಅಂಟಿಸೋಕೆ ಫೆವಿಕಾಲ್. ಫೆವಿಕ್ವಿಕ್‌ನ ಆವಿ ಕ್ಯಾನೊಪಿ ಒಳಗೆ ಬಿಳಿ ಮಸುಕು ಹಿಡಿಸುತ್ತೆ, ಅದು ಒಳಗೆ ಸಿಕ್ಕಿಕೊಂಡರೆ ಒರೆಸೋ ದಾರಿಯೇ ಇಲ್ಲ.

ಅಳತೆಪಟ್ಟಿ:

ತೂಕದ ಲೆಕ್ಕ ಹೀಗೆ ಮಾಡಿ. ಒಡಲು ಮುಚ್ಚುವ ಮುಂಚೆ ರೆಕ್ಕೆ, ಬಾಲ, ಚಕ್ರ, ಡ್ರಾಪ್ ಟ್ಯಾಂಕ್ ಎಲ್ಲವನ್ನೂ ಟೇಪ್‌ನಲ್ಲಿ ಕಟ್ಟಿ. ಮುಖ್ಯ ಚಕ್ರ ಬರುವ ಜಾಗದ ಕೆಳಗೆ ಅಡ್ಡಕ್ಕೆ ಒಂದು ಪೆನ್ಸಿಲ್ ಇಟ್ಟು ಮಾಡೆಲ್ ಕೂರಿಸಿ. ತೂಕ ಕೂರುವ ಜಾಗದ ನೇರಕ್ಕೆ ಹೊರಗಡೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿ, ಮೀನು ಗಾಳದ ಸೀಸದ ಗುಂಡುಗಳನ್ನು ಒಂದೊಂದಾಗಿ ಹಾಕಿ. ಮೂಗು ಕೆಳಗೆ ಬಾಗಿದ ಮೇಲೆ ಅದರ ಮೂರನೇ ಒಂದು ಭಾಗದಷ್ಟು ಇನ್ನೂ ಸೇರಿಸಿ. ಬಾಲದ ಕಡೆ ಪುಟ್ಟಿ, ಬಣ್ಣ ಎಲ್ಲ ಬಂದಾಗ ಹಿಂದಿನ ತೂಕ ಹೆಚ್ಚುತ್ತೆ. ಮರುತ್‌ಗೆ ಮೂತಿ ಉದ್ದ, ಹಾಗಾಗಿ ತೂಕವನ್ನು ಕಾಕ್‌ಪಿಟ್ ಮುಂದೆ ಎಷ್ಟು ತುದಿಗೆ ತಳ್ಳುತ್ತೀರೋ ಅಷ್ಟು ಕಡಿಮೆ ಗುಂಡು ಸಾಕು.

ಸೀಸವನ್ನು ಯಾವ ಕಾರಣಕ್ಕೂ ಫೆವಿಕಾಲ್‌ನಲ್ಲಿ ಅಂಟಿಸಬೇಡಿ. ಬಿಳಿ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತೆ. ಆ ಪುಡಿ ಉಬ್ಬಿ ಕೆಲವು ವರ್ಷಗಳಲ್ಲಿ ಮೂಗಿನ ಸಂದನ್ನೇ ಸೀಳಿಬಿಡುತ್ತೆ. ಎಪಾಕ್ಸಿಯಲ್ಲಿ ಮುಳುಗಿಸಿ. ಕೆಲಸ ಆದ ಮೇಲೆ ಕೈ ತೊಳೆದುಕೊಳ್ಳಿ, ಸೀಸ ವಿಷ. ರೆಸಿನ್ ಭಾಗಗಳಿದ್ದರೆ ಅವನ್ನೂ ಒದ್ದೆಯಾಗಿಯೇ ಉಜ್ಜಿ, ಎನ್95 ಮಾಸ್ಕ್ ಹಾಕಿಕೊಳ್ಳಿ.

ಕರಾವಳಿ ಏರ್‌ಬ್ರಷ್:

ಡೆಕಲ್ ಹಾಳೆಯನ್ನು ಜಿಪ್ ಚೀಲದಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಮುದ್ರಿತ ಮುಖ ಹೊರಗೆ ಕಾಣುವಂತೆ ಅಂಟಿಸಿ. ಬೇಸಿಗೆಯಾದರೆ ಒಂದೆರಡು ವಾರದಲ್ಲಿ ಹಳದಿ ಬಹಳಷ್ಟು ಇಳಿಯುತ್ತದೆ. ಆಮೇಲೆ ಬೇಡದ ಒಂದು ಸಣ್ಣ ಅಕ್ಷರವನ್ನು ನೀರಿಗೆ ಹಾಕಿ ಪರೀಕ್ಷಿಸಿ. ಚೂರಾದರೆ ಇಡೀ ಹಾಳೆಗೆ ಕ್ಲಿಯರ್ ಲ್ಯಾಕರ್ ಎರಡು ತೆಳು ಪದರ ಹೊಡೆದು ಒಂದು ದಿನ ಒಣಗಿಸಿ. ಆಗ ಇಡೀ ಹಾಳೆಯೇ ಒಂದು ಪೊರೆಯಾಗಿರುತ್ತದೆ, ಪ್ರತಿ ಗುರುತನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿಯೇ ನೀರಿಗೆ ಹಾಕಬೇಕು.

ವಾಯುಪಡೆಯ ವೃತ್ತಗಳನ್ನು ಮಾತ್ರ ಚೆನ್ನಾಗಿ ನೋಡಿ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅಗ್ಗದ ಮುದ್ರಣದಲ್ಲಿ ಹಸಿರು ಚುಕ್ಕೆ ಪಕ್ಕಕ್ಕೆ ಸರಿದಿರುತ್ತದೆ, ಬಿಳಿಯ ಕೆಳಗಿನಿಂದ ಕ್ಯಾಮೊಫ್ಲಾಜ್ ಬಣ್ಣ ಇಣುಕುತ್ತದೆ. ಹಾಗಿದ್ದರೆ ಡೆಕಲ್ ಬಿಡಿ, ವೃತ್ತ ಕತ್ತರಿಸುವ ಕಟರ್‌ನಲ್ಲಿ ಮಾಸ್ಕಿಂಗ್ ಟೇಪ್ ಕೊರೆದು ಬಣ್ಣವೇ ಹೊಡೆಯಿರಿ. ಮೊದಲು ಪೂರ್ತಿ ವೃತ್ತಕ್ಕೆ ಬಿಳಿ. ಅದು ಒಣಗಿದ ಮೇಲೆ ನಡುವಿಗೆ ಟೇಪಿನ ಬಿಲ್ಲೆ ಕೂರಿಸಿ ಹೊರ ಉಂಗುರಕ್ಕೆ ಕೇಸರಿ. ಬಿಲ್ಲೆ ತೆಗೆದು, ಒಳತೂತಿನ ಟೇಪ್ ಹಾಕಿ ಕೊನೆಗೆ ಹಸಿರು. ಕಟರ್‌ನ ಮುಳ್ಳು ಚುಚ್ಚಿದ ನಡುಬಿಂದುವನ್ನು ಮೂರು ಟೇಪಿನಲ್ಲೂ ಗುರುತು ಮಾಡಿಟ್ಟುಕೊಂಡು ಒಂದರ ಮೇಲೊಂದು ಸೇರಿಸಿದರೆ ವೃತ್ತಗಳು ಸರಿಯುವುದಿಲ್ಲ. ಕೇಸರಿಯ ಕೆಳಗೆ ಬಿಳಿ ಇರಲೇಬೇಕು, ಗಾಢ ಬಣ್ಣದ ಮೇಲೆ ನೇರ ಹೊಡೆದರೆ ಅದು ಕಂದಾಗುತ್ತದೆ.